ಅರ್ಧ ಗಡ್ಡದ ಹೆಡ್ಮಾಸ್ತರು

ಎಲ್ಲಕ್ಕೂ ಮೂಲ ಹೆಡ್ಮಾಸ್ತರ ಒಂದು ಸೀನು. ಬಲಗೆನ್ನೆ ನುಣ್ಣಗಾಗಿ ಎಡಗೆನ್ನೆಗೆ ಕತ್ತಿ ಇಡುವ ಹೊತ್ತಿಗೇ ಅದು ಬಂತು. ಅವರ ಕೆನ್ನೆ ಉಳಿಸಲು ಹೋಗಿ ಸಲೂನಿನವನು ತನ್ನ ಹೆಬ್ಬೆರಳನ್ನೇ ಕೊಯ್ದುಕೊಂಡ.

"ನಾಲ್ಕಕ್ಕೆ ಸ್ಕೂಲಿಗೆ ತನಿಖೆ ಸಾಹೇಬ್ರು ಬರ್ತಾರೆ. ಎದುರು ಸಲೂನಿಗೆ ಇವತ್ತೇ ಬೀಗ," ಎಂದರು ಹೆಡ್ಮಾಸ್ತರು, ಮುಖಕ್ಕೆ ಟವೆಲ್ ಸುತ್ತಿಕೊಳ್ಳುತ್ತ. "ಬೆರಳು ಹೊಲಿಸ್ಕೊಂಡು ಬಂದು ಈ ಅರ್ಧ ಮುಗಿಸು. ಇಲ್ಲದಿದ್ರೆ ನಾಳೆಯಿಂದ ನಾನೂ ನಮ್ಮ ಹನ್ನೊಂದು ಜನ ಮೇಷ್ಟ್ರೂ ಎದುರಿನವನ ಗಿರಾಕಿಗಳು."

ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಲ್ಲಿ ನರ್ಸಮ್ಮ ಬೆರಳು ಒತ್ತಿ ನೋಡಿ, ಬಟ್ಟೆ ಸುತ್ತಿ, ಮಣಿಕಟ್ಟಿಗೆ ಹಸಿರು ಪಟ್ಟಿ ಕಟ್ಟಿದರು. "ಕೆಂಪಿನವರು ಮೊದಲು, ಆಮೇಲೆ ಹಳದಿ, ಕೊನೆಗೆ ಹಸಿರು. ಕೂತ್ಕೊಳ್ಳಪ್ಪ."

ಹಸಿರಿನವರ ಬೆಂಚು ಬಸ್ಸು ತಪ್ಪಿಸಿಕೊಂಡವರ ನಿಲ್ದಾಣದಂತಿತ್ತು. ಅವನ ಹಿಂದೆಯೇ ಕಿವಿನೋವಿನ ಅಜ್ಜಿಯೊಬ್ಬಳು ಬಂದು ಕೂತಳು. ಜೊತೆಗೆ ಬಂದಿದ್ದ ಪಕ್ಕದಂಗಡಿಯ ಸೈಕಲ್ ರಿಪೇರಿಯವನು ಪಿಸುಗುಟ್ಟಿದ: "ಪೆದ್ದ, ನರ್ಸ್ ಬದಲಾದ್ರೆ ಬಣ್ಣಾನೂ ಬದಲಾಗುತ್ತೆ. ಎರಡಕ್ಕೆ ಪಾಳಿ ಬದಲು. ಪಟ್ಟಿ ಕಿತ್ತು ಹೊಸದಾಗಿ ಹೋಗು. ಸ್ವಲ್ಪ ನರಳು."

ಎರಡಕ್ಕೆ ಹೊಸ ನರ್ಸು ಬಂದಳು. ಸಲೂನಿನವನು ಕರು ಹಾಕುವ ಎಮ್ಮೆಯಂತೆ ನರಳಿದ. ಆಕೆ ನಾಡಿ ಹಿಡಿದಳು, ಬೆರಳು ನೋಡಿದಳು. ಹಸಿರು.

"ಪಕ್ಕದ ಕಿಟಕಿಗೆ ಹೋಗು. ತಲೆ ಸುತ್ತುತ್ತೆ ಅನ್ನು," ಎಂದ ಸೈಕಲ್ ರಿಪೇರಿಯವನು.

ಅಲ್ಲಿನ ಹಿರಿಯ ನರ್ಸು ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಮೂರನೆಯ ಹಸಿರು ಕಟ್ಟಿದಳು. "ನಾವ್ಯಾರು ನೋಡಿದ್ರೂ ಇದೇ ಬಣ್ಣ. ಜೇಬಿಂದ ಇಣುಕ್ತಿರೋ ಆ ಎರಡು ಕಿತ್ತ ಪಟ್ಟಿಗಳ ಜೊತೆ ಇದನ್ನೂ ಸೇರಿಸ್ಬೇಡ. ಸಾಲಿನ ಕೊನೆಗೆ ಹೋಗು."

ಮೂರು ಹೊಡೆಯಿತು. ಅಂಗಡಿಯಲ್ಲಿ ಕಾದು ಸಾಕಾಗಿ ಆಸ್ಪತ್ರೆಗೇ ಓಡಿಬಂದ ಹೆಡ್ಮಾಸ್ತರು ಟವೆಲ್ ಕಿತ್ತೆಸೆದು ಕಿಟಕಿಗೆ ನುಗ್ಗಿದರು. "ಏನಮ್ಮ, ಈ ಮುಖ ನೋಡಿ ಹೇಳಿ..."

ಹಿರಿಯ ನರ್ಸು ನೋಡಿದಳು. ಧಾರಾಕಾರ ಬೆವರು, ಏದುಸಿರು, ಎದೆ ಮೇಲೆ ಕೈ. ಅವಳ ಪಕ್ಕದವಳೂ ನೋಡಿದಳು. ಇಬ್ಬರ ಕೈಯೂ ಒಟ್ಟಿಗೇ ಕೆಂಪು ಪಟ್ಟಿಗೆ ಹೋಯಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೆಡ್ಮಾಸ್ತರು ಗಾಲಿಮಂಚದ ಮೇಲಿದ್ದರು.

"ಅಮ್ಮ, ಅವ್ರು ರೋಗಿ ಅಲ್ಲ, ನನ್ನ ಗಿರಾಕಿ," ಎಂದು ಸಲೂನಿನವನು ಹಿಂದೆ ಓಡಿದ.

"ಅದನ್ನ ಹೃದಯ ನೋಡೋ ಮಿಷನ್ನು ಹೇಳ್ಲಿ," ಎಂದು ಹಿರಿಯ ನರ್ಸು ಬಾಗಿಲು ಮುಚ್ಚಿದಳು.

ಮೂರೂವರೆಗೆ ಅದೇ ಬಾಗಿಲಿಂದ ಹೆಡ್ಮಾಸ್ತರು ಹೊರಬಂದರು. ಎರಡೂ ಕೆನ್ನೆ ತೊಳೆದ ತಟ್ಟೆಯಂತೆ ಫಳಫಳ.

"ಹೃದಯಕ್ಕೇನೂ ಆಗಿಲ್ವಂತೆ, ಬರೀ ಕೋಪ. ತಂತಿ ಅಂಟಿಸೋಕೆ ಎದೆ ಬೋಳಿಸ್ತಿದ್ದವನು ಮುಖಾನೂ ಮುಗಿಸಿಬಿಟ್ಟ. ಯಾರು ಅಂತೀಯ? ನಿನ್ನ ಎದುರು ಸಲೂನಿನವನೇ. ವಾರಕ್ಕೊಂದಿನ ಅಂಗಡಿಗೆ ಬೀಗ ಹಾಕಿ ಇಲ್ಲೇ ಕೆಲಸ ಮಾಡ್ತಾನಂತೆ. ಏನು ಕೈ ಅಂತೀನಿ, ಬೆಣ್ಣೆ. ನಮ್ಮ ಮೇಷ್ಟ್ರುಗಳಿಗೂ ಹೇಳ್ತೀನಿ."

ಅವರು ಶಾಲೆಯತ್ತ ದಾಪುಗಾಲು ಹಾಕಿದರು. ಅಷ್ಟರಲ್ಲಿ ಕಿವಿನೋವಿನ ಅಜ್ಜಿ ಚಿಕಿತ್ಸೆ ಮುಗಿಸಿ, ಕಿವಿಗೆ ಹತ್ತಿ ಇಟ್ಟುಕೊಂಡು ಹೊರಬಂದಳು. ಬೆಂಚಿನ ಆಚೆ ತುದಿಯಲ್ಲಿದ್ದವನನ್ನು ಕಂಡು ಮರುಗಿದಳು.

"ಅಯ್ಯೋ ಮಗಾ, ನೀನು ನನಗಿಂತ ಮುಂದಿದ್ದೆ ಅಲ್ವಾ?"