ಚಿಕ್ಕಮ್ಮನ ಚರ್ಮದ ಬ್ಯಾಗು

ನಮ್ಮ ಚಿಕ್ಕಮ್ಮನಷ್ಟು ಧೈರ್ಯವಾಗಿ ಹೆದರುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ನಾವೆಲ್ಲ ಹೆದರಿಕೆಯನ್ನು ಮುಚ್ಚಿಟ್ಟುಕೊಳ್ಳುತ್ತೇವೆ. ಅವರು ಚಾಮರಾಜಪೇಟೆಯ ಐದೂ ಮುಖ್ಯರಸ್ತೆಗೆ ಕೇಳುವಂತೆ ಹೆದರುತ್ತಾರೆ. ಗುರುತಿಲ್ಲದ ನಂಬರಿನ ಫೋನಿಗೆ ಹೆದರಿಕೆ, ಕುಕ್ಕರಿನ ಮೂರನೇ ಕೂಗಿಗೆ ಹೆದರಿಕೆ. ಮೆಟ್ರೋದ ಎಸ್ಕಲೇಟರ್ ಮುಂದೆ ಹದಿನೈದು ನಿಮಿಷ ಕಾದು, "ಇದು ನಿಲ್ಲೋ ಹಾಗೆ ಕಾಣಲ್ಲ" ಎಂದು ಆಟೋ ಹಿಡಿದು ಮನೆಗೆ ವಾಪಸು ಬಂದವರು!

ಇಂಥವರಿಗೆ ಡಾಕ್ಟರು, "ಹೊಟ್ಟೇಲಿ ಗೆಡ್ಡೆ ಇದೆ, ಒಂದು ತಿಂಗಳೊಳಗೆ ಆಪರೇಷನ್ ಆಗ್ಬೇಕು, ತೆಗೆದು ಟೆಸ್ಟ್ ಮಾಡಿದ್ಮೇಲೇ ಅದು ಎಂಥದ್ದು ಅಂತ ಹೇಳ್ಬಹುದು" ಅಂದುಬಿಟ್ಟರೆ ಹೇಗಿರಬೇಡ? ನಾವು ಅಳುವನ್ನು ಸಂಭಾಳಿಸಲು ಸಿದ್ಧರಾಗಿ ಕುಳಿತೆವು. ಚಿಕ್ಕಮ್ಮ ಮನೆಗೆ ಬಂದು, ಕಾಫಿ ಕುಡಿದು, ಲೋಟ ಕೆಳಗಿಟ್ಟು ಘೋಷಿಸಿದರು: "ನಾನೊಂದು ಲೆದರ್ ಬ್ಯಾಗ್ ಹೊಲೀತೀನಿ. ಅದು ಮುಗಿದ ಮೇಲೇನೇ ಆಸ್ಪತ್ರೆ."

ಯಾವ ಬ್ಯಾಗು? ವಿಶ್ವೇಶ್ವರಪುರದ ಛತ್ರವೊಂದರಲ್ಲಿ ಮದುವೆ ಹೆಣ್ಣಿನ ಸೋದರತ್ತೆ ತೋಳಿಗೆ ಹಾಕಿಕೊಂಡು ಓಡಾಡುತ್ತಿದ್ದ ಬ್ಯಾಗು. ಹೊರದೇಶದ ಯಾವನೋ ದೊಡ್ಡ ಡಿಸೈನರ್‌ನದಂತೆ. ಬೆಲೆ ಕೇಳಿ ಚಿಕ್ಕಮ್ಮನ ಬಾಯಲ್ಲಿದ್ದ ಹೋಳಿಗೆ ಗಂಟಲಲ್ಲೇ ನಿಂತಿತ್ತು. "ಏನಿದೆ ಅದರಲ್ಲಿ? ನಾಲ್ಕು ಬದಿ, ಒಂದು ತಳ, ಎರಡು ಹಿಡಿ. ನನ್ಕೈಲಿ ಆಗಲ್ವಾ?"

ಶಿವಾಜಿನಗರದಿಂದ ಒಂದೇ ಒಂದು ಹಾಳೆ ಕಂದು ಚರ್ಮ ಬಂತು. ಚಿಕ್ಕಪ್ಪ ಹೌಹಾರಿದರು.

"ದೇವರ ಮನೆ ಪಕ್ಕದಲ್ಲಿ ಚರ್ಮ ಹರಡ್ಕೊಂಡು ಕೂತಿದೀಯಲ್ಲೇ!"

"ರಾಮನವಮಿ ಕಚೇರೀಲಿ ತಲೆ ಆಡಿಸ್ಕೊಂಡು ಮೃದಂಗ ಕೇಳ್ತೀರಲ್ಲ, ಅದನ್ನೇನು ಬಾಳೆ ಎಲೇಲಿ ಮಾಡ್ತಾರಾ?"

ಚಿಕ್ಕಪ್ಪ ಎದ್ದು ಹೋಗಿ ದೇವರ ಮನೆಯ ಬಾಗಿಲು ಹಾಕಿ ಬಂದರು.

ನಿಜವಾದ ಭಯ ಶುರುವಾದದ್ದು ಆಮೇಲೆ. ಬಟ್ಟೆಯಾದರೆ ತಪ್ಪು ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಬಹುದು. ಚರ್ಮಕ್ಕೆ ಒಮ್ಮೆ ತೂತು ಬಿದ್ದರೆ ಬಿತ್ತು; ಗುಂಡುಪಿನ್ನು ಚುಚ್ಚಿದರೂ ಗುರುತು ಹೋಗುವುದಿಲ್ಲ. ಇದು ತಿಳಿದದ್ದೇ ಚಿಕ್ಕಮ್ಮ ಕತ್ತರಿಯಿಂದ ಮಾರು ದೂರ ಸರಿದರು. ಮೊದಲು ಪೇಪರಿನಲ್ಲಿ ಬ್ಯಾಗು ಮಾಡಿದರು, ಆಮೇಲೆ ಹಳೇ ಬೆಡ್‌ಶೀಟಿನಲ್ಲಿ, ಆಮೇಲೆ ಅಕ್ಕಿ ಚೀಲದಲ್ಲಿ. ಅದೂ ಮುಗಿದಾಗ ಪಂಚಾಂಗ ತೆಗೆದರು. ಸೋಮವಾರ ಅಷ್ಟಮಿ, ಮಂಗಳವಾರ ನವಮಿ. ಬುಧವಾರ ಎಲ್ಲ ಸರಿಯಾಗಿತ್ತು, ಚಿಕ್ಕಪ್ಪ ಸೀನಿಬಿಟ್ಟರು!

ಹೀಗೇ ಹನ್ನೆರಡು ದಿನ ಹೋಯಿತು. ತ್ಯಾಗರಾಜನಗರದಲ್ಲಿರುವ ನನಗೆ ಚಿಕ್ಕಪ್ಪ ಗೇಟಿನ ಹತ್ತಿರ ನಿಂತು ಪಿಸುಮಾತಿನಲ್ಲಿ ಫೋನು ಮಾಡುತ್ತಿದ್ದರು. "ಇನ್ನೂ ಕತ್ತರಿ ಹಾಕಿಲ್ಲ ಕಣಮ್ಮ. ನನಗೆ ಕೈಕಾಲೇ ಆಡ್ತಿಲ್ಲ." ಕೊನೆಗೆ ಅವರೇ ಗಾಂಧಿಬಜಾರಿಗೆ ಹೋಗಿ ಒಂದು ರೆಡಿಮೇಡ್ ಬ್ಯಾಗು ತಂದು ಮುಂದಿಟ್ಟರು. ಚಿಕ್ಕಮ್ಮ ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗಿದೆ" ಎಂದು ಅದರಲ್ಲಿ ಈರುಳ್ಳಿ ತುಂಬಿಟ್ಟರು.

ಇನ್ನು ತಡೆಯಲಾರದೆ ನಾನೇ ಹೋದೆ.

"ಬಂದ್ಯಾ? ನೀನೇ ಕತ್ತರಿಸ್ಬಿಡು. ಕಣ್ಣು ಮುಚ್ಕೊಂಡ್ಬಿಡೋಣ."

"ಕತ್ತರಿಸೋಳು ನಾನು, ಚಿಕ್ಕಮ್ಮ!"

"ಸರಿ, ನೀನು ಒಂದು ಕಣ್ಣು ಬಿಟ್ಕೊಂಡಿರು."

ಕತ್ತರಿಸಿದೆವು. ಮಷಿನ್ನಿಗೆ ಹಾಕಿದ್ದೇ ತಡ, ಎರಡು ಪದರ ಸೇರುವ ಕಡೆ ಸೂಜಿ ಫಟ್ಟೆಂದು ಮುರಿದು ಚಿಕ್ಕಪ್ಪನ ಕನ್ನಡಕಕ್ಕೆ ಬಡಿಯಿತು. ಅಂದಿನಿಂದ ಅವರು ಹಾಲ್‌ನಲ್ಲಿ ಪೇಪರು ಓದುವಾಗ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು.

ಮಷಿನ್ನು ಕೈಕೊಟ್ಟ ಮೇಲೆ ಚಿಕ್ಕಮ್ಮ ಮಡಚುವ ಕುರ್ಚಿ ಹಿಡಿದು ರಸ್ತೆ ಮೂಲೆಯಲ್ಲಿ ಚಪ್ಪಲಿ ಹೊಲಿಯುವವರ ಪಕ್ಕ ಹೋಗಿ ಕುಳಿತರು. ಅವರು ಇವರ ಕೈಗೆ ದಬ್ಬಳ ಕೊಟ್ಟು ಹೇಳಿದರಂತೆ: "ಅಮ್ಮಾ, ಹೆದರ್ಕೊಂಡು ಚುಚ್ಚಿದ್ರೆ ತೂತು ಸೊಟ್ಟಗಾಗುತ್ತೆ. ಉಸಿರು ಬಿಟ್ಟು ಒಂದೇ ಸಲಕ್ಕೆ ಚುಚ್ಬಿಡಿ." ಚಿಕ್ಕಮ್ಮ ಚುಚ್ಚಿದರು. ಒಂದೊಂದು ತೂತಿಗೂ "ರಾಮಾ!" ಎಂದು ಕಿರುಚಿ ಚುಚ್ಚಿದರು. ದಾರಿಯಲ್ಲಿ ಹೋಗುವವರು ಅಲ್ಲೆಲ್ಲೋ ಭಜನೆ ನಡೆಯುತ್ತಿದೆಯೆಂದು ಚಪ್ಪಲಿ ಬಿಡಲು ಜಾಗ ಹುಡುಕುತ್ತಿದ್ದರಂತೆ!

ಒಂದು ಬದಿ ಮುಗಿಯಿತು. ಎರಡು, ಮೂರು. ಇಷ್ಟು ದಿನ ಬ್ಯಾಗು ಮುಗಿಯುವುದಿಲ್ಲವಲ್ಲ ಎಂದು ಹೆದರಿದ್ದ ನನಗೆ ಈಗ ಮುಗಿದುಬಿಡುತ್ತಲ್ಲ ಎಂಬ ಹೆದರಿಕೆ ಹತ್ತಿತು. ಮುಗಿದರೆ ಆಸ್ಪತ್ರೆ. ಆಮೇಲೆ ಡಾಕ್ಟರ ಬಾಯಲ್ಲಿ ಯಾವ ಮಾತು ಬರುತ್ತದೋ? ಚಿಕ್ಕಮ್ಮ ಇಲ್ಲದ ಆ ಮನೆಯನ್ನು ನೆನೆಯಲೂ ನನ್ನಿಂದ ಆಗುತ್ತಿರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, "ಒಳಗೊಂದು ಜಿಪ್ ಇಡೋಣ ಚಿಕ್ಕಮ್ಮ, ಇನ್ನೆರಡು ದಿನ ಹಿಡಿದ್ರೂ ಪರವಾಗಿಲ್ಲ" ಎಂದು ಬಾಯಿಬಿಟ್ಟು ಕೇಳಿದೆ. ಅವರು ನನ್ನ ಮುಖ ನೋಡಿ, "ಬೇಡ ಕಣೇ" ಅಂದರು.

ಡಾಕ್ಟರು ಕೊಟ್ಟ ಗಡುವಿಗೆ ಎರಡು ದಿನ ಉಳಿದಿರುವಾಗ ಬ್ಯಾಗು ಮುಗಿಯಿತು. ನಾನು ಹೋದಾಗ ಅದು ಮೇಜಿನ ಮೇಲೆ, ಒಂದು ಪಕ್ಕಕ್ಕೆ ಕೊಂಚ ವಾಲಿಕೊಂಡು ಕುಳಿತಿತ್ತು. ಚಿಕ್ಕಮ್ಮ ಬೀರುವಿನಿಂದ ಆಸ್ಪತ್ರೆಯಲ್ಲಿ ಕೊಟ್ಟಿದ್ದ ದೊಡ್ಡ ಸ್ಕ್ಯಾನ್ ಕವರು ತಂದು ಒಳಗೆ ಇಳಿಸಿದರು. ಎಲ್ಲೂ ಮಡಚಬೇಕಾಗಲಿಲ್ಲ, ಆಚೀಚೆ ಬೆರಳಗಲ ಜಾಗವೂ ಮಿಗಲಿಲ್ಲ.

"ನಾನು ಮೊದಲು ಅಳೆದಿದ್ದೇ ಇದನ್ನ," ಅಂದರು. "ಮಡಚಿದ್ರೆ ಫಿಲ್ಮ್ ಹಾಳಾಗುತ್ತಂತೆ. ಆ ಡಿಸೈನರ್ ಬ್ಯಾಗಲ್ಲಿ ಇದು ಹಿಡಿಸ್ತಿರಲಿಲ್ಲ."

ಆಸ್ಪತ್ರೆ ತಪ್ಪಿಸಿಕೊಳ್ಳಲು ಹೂಡಿದ ಆಟ ಎಂದುಕೊಂಡಿದ್ದೆವು ನಾವು. ಅವರು ಮೊದಲ ದಿನದಿಂದಲೇ ಹೊರಟು ನಿಂತಿದ್ದರು.

ಮಾರನೆಯ ಬೆಳಿಗ್ಗೆ ಚಿಕ್ಕಪ್ಪ ಆಸ್ಪತ್ರೆಯ ಕೌಂಟರಿನಲ್ಲಿ ಫಾರಂ ತುಂಬುತ್ತ ಉಳಿದರು. ನಾವಿಬ್ಬರು ವಾರ್ಡಿನ ಕಡೆ ನಡೆದೆವು. ಬ್ಯಾಗು ಹಿಡಿದಿದ್ದ ಚಿಕ್ಕಮ್ಮ ಅರ್ಧ ದಾರಿಯಲ್ಲಿ ನಿಂತರು. ಯಾವತ್ತೂ ಊರಿಗೆಲ್ಲ ಕೇಳುವಂತೆ ಹೆದರುವವರು, ಅವತ್ತು ನನಗಷ್ಟೇ ಕೇಳುವಂತೆ ಅಂದರು: "ತುಂಬಾ ಹೆದರಿಕೆ ಆಗ್ತಿದೆ ಕಣೇ. ಒಂದು ಹಿಡಿ ನೀನು ಹಿಡ್ಕೊ."

ಹಿಡಿದುಕೊಂಡೆ. ಸ್ಕ್ಯಾನ್ ಕವರು, ಒಂದು ಟವೆಲ್ಲು, ಬಾಚಣಿಗೆ. ಇಬ್ಬರು ಹೊರುವಂಥ ಭಾರ ಅದರಲ್ಲೇನೂ ಇರಲಿಲ್ಲ. ಆದರೂ ವಾರ್ಡಿನ ಬಾಗಿಲ ತನಕ ಇಬ್ಬರೂ ಕೈ ಬಿಡಲಿಲ್ಲ.