ನೀರು ಕುಡಿಯೋ ಕಾರು

ಹಳೇ ಗಾಡಿ ಇಂಜಿನ್ ಬಿಚ್ಚೋ ನಮ್ಮಂಥಾವರಿಗೆ ಮೈ ಜುಮ್ಮನ್ನೋ ಪ್ರಸಂಗ ಹೊಸಾವೇನಲ್ಲ. ಗೋಕಾಕದಾಗ ಗ್ಯಾರೇಜ್ ಇಟಗೊಂಡು ಕುಂತೇನಿ. ದೆವ್ವ ಹುಡಿಕ್ಕೊಂಡು ನಾ ಎಲ್ಲೂ ಹೋಗೂದಿಲ್ಲ, ಹಗ್ಗ ಕಟ್ಟಿಸಿಕೊಂಡು ಅವು ತಾವ ನನ್ನ ಬಾಗಲಿಗೆ ಬರತಾವು.

ಅಪ್ಪಗ ನೀರಡಿಕಿ

ಹುಕ್ಕೇರಿ ಮಾಸ್ತರೊಬ್ಬರು ತಮ್ಮ ಅಪ್ಪನ ಕಾಲದ ಕಾರು ಎಳಿಸಿಕೊಂಡು ಬಂದ್ರು. ದುಂಡನೆ ಬಾನೆಟ್ಟು, ಎರಡು ದೊಡ್ಡ ದೀಪ. ಎಲ್ಲಿ ನಿಂತರೂ ನಮ್ಮನ್ನ ನೋಡಿದಂಗ ಅನಸ್ತಿತ್ತು.

"ಏನ್ ತ್ರಾಸ ಐತ್ರಿ?"

"ಒಂದ ಸುತ್ತ ಹೊಡದ ಬಂದ್ರ ರೇಡಿಯೇಟರ್ ಅರ್ಧಾ ಖಾಲಿ. ನೆಲಕ್ಕ ಒಂದ ಹನಿ ಬಿದ್ದಿರೂದಿಲ್ಲ. ಅಪ್ಪ ತೀರಿಕೊಂಡ ಮ್ಯಾಲ ಶುರು ಆತು. ಅವ್ವ, 'ನಿಮ್ಮಪ್ಪ ಗಾಡ್ಯಾಗ ಅದಾರ, ನೀರಡಿಸ್ಯಾರ' ಅಂತಾಳ. ದಿನಾ ಮುಂಜಾನಿ ತಂಬಗಿ ತಂದು ನೀರು ಹಾಕತಾಳ, ಗಾಡಿ ಜೋಡಿ ಮಾತಾಡತಾಳ, ಆಮ್ಯಾಲ ರೊಟ್ಟಿ ತಿಂತಾಳ. ಅದಕ್ಕೂ ಮೊದಲ ಊಟಾನ ಬಿಟ್ಟಿದ್ಲು."

ನಾ ಬಿಡಿಸಿ ಹೇಳಿದೆ. ಇಂಜಿನ್ ಮ್ಯಾಲಿನ ಕಬ್ಬಿಣದ ತಲಿ, ಅಂದ್ರ ಸಿಲಿಂಡರ್ ಹೆಡ್, ಸೀಳೇತಿ. ಆ ಸೀಳಿನಾಗಿಂದ ನೀರು ಒಳಗಿಳದು ಉಗಿ ಆಗಿ ಹಿಂದಿನ ಕೊಳವಿಯಿಂದ ಹೊರಗ ಬೀಳತೈತಿ. ಹಿಂಗ ಬಿಟ್ರ ಇಂಜಿನ್ನ ಹೋಗತೈತಿ.

"ಹೆಡ್ ಬದಲಿ ಮಾಡ್ರಿ. ಆದ್ರ ಅಪ್ಪ ಹೋಗಬಾರದ್ರಿ, ಅವ್ವ ಮತ್ತ ಊಟ ಬಿಡತಾಳ."

ಇಂಥಾ ಕಂಪ್ಲೇಂಟ್ ನನ್ನ ಜನ್ಮದಾಗ ಬಂದಿದ್ದಿಲ್ಲ. "ಅಪ್ಪಾರು ನೀರಿನ ಜೋಡಿ ಆಯಿಲ್ ಏನರ ಕುಡೀತಾರೇನ್ರಿ?" ಅಂತ ಕೇಳಿದೆ.

"ಇಲ್ರಿ, ಅಪ್ಪಗ ಅಂಥಾ ಚಟಾ ಯಾವೂ ಇರಲಿಲ್ಲ."

ಕಾಕಾನ ಹಣಿ

ಸೀಳು ಎಲ್ಲೈತಿ ನೋಡಾಕ ನಾವು ಹೆಡ್ಡಿಗೆ ಚಿಮಣಿ ಎಣ್ಣಿ, ಅಂದ್ರ ಸೀಮೆಎಣ್ಣಿ, ಸವರಿ, ಒರಸಿ, ಮ್ಯಾಲ ಚಾಕ್‌ಪೀಸ್ ಪುಡಿ ಬಡೀತೀವಿ. ಸೀಳಿನಾಗ ಉಳದ ಎಣ್ಣಿ ಹೊರಗ ಬಂದು ಪುಡಿ ಮ್ಯಾಲ ಗೆರಿ ಮೂಡಸತೈತಿ. ಬಾಜೂ ಚಾದಂಗಡಿ ಕಾಕಾ ಅದ ಹೊತ್ತಿಗೆ ಬಂದ. ಬೆಳ್ಳಗ ಬಡಕೊಂಡ ಕಬ್ಬಿಣದ ಮ್ಯಾಲ, ಯಾರೂ ಮುಟ್ಟದನ, ಕರೇ ಗೆರಿ ಒಂದು ತಾನ ಮುಂದ ಮುಂದ ಸಾಗತಿತ್ತು. ಕಾಕಾ ಚಪ್ಪಲಿ ಕಳದು ಕೈ ಮುಗದ.

"ಯಾರು ಬರ್ಯಾಕತ್ತಾರೋ?"

"ಎಣ್ಣಿ, ಕಾಕಾ."

"ಸುಳ್ಳ ಹೇಳಬ್ಯಾಡ. ಮಾಸ್ತರ ಅಪ್ಪ ಏನೋ ಹೇಳಾಕತ್ತಾನ."

ಗೆರಿ ನೋಡಿದ್ರ ಖರೇನ ವಯಸ್ಸಾದವರ ಬರವಣಗಿ ಹಂಗ ನಡುಗಿಕೋತ ಹೊಂಟಿತ್ತು. ನಾ ಬ್ಯಾಡ ಅನ್ನೂದ್ರಾಗ ಕಾಕಾ ಆ ಪುಡಿ ಮುಟ್ಟಿ ವಿಭೂತಿ ಅಂತ ಹಣಿ ತುಂಬ ಹಚಗೊಂಡ. ಅವತ್ತ ಇಡೀ ದಿನ ಅವನ ಬಾಜೂ ಯಾರೂ ಬೀಡಿ ಹಚ್ಚಲಿಲ್ಲ.

ಬೆಚ್ಚಗಿನ ಇಂಜಿನ್

ಬದಲಿ ಹೆಡ್ ಹುಡುಕಾಕ ಹತ್ತಿದಾಗ, ಅಂಥಾದ್ದ ಇನ್ನೊಂದು ಗಾಡಿ ಮೂಡಲಗ್ಯಾಗ ಗುಜರಿಯವನ ಹಿತ್ತಲದಾಗ ಐತಿ ಅಂತ ಗೊತ್ತಾತು. ಹೋಗಿ ನೋಡಿದ್ರ ಗಾಲಿ ಇಲ್ಲ, ಬಾಗಲಿಲ್ಲ. ಸುತ್ತ ಕಬ್ಬು. ಗಾಳಿ ಇಲ್ಲದನ ರವದಿ, ಆ ಕಬ್ಬಿನ ಒಣಾ ಎಲಿ, ಸರಸರ ಅಂತಿತ್ತು.

"ಇದು ಚಾಲೂ ಆಗಿ ಎಷ್ಟೋ ವರ್ಷ ಆತ್ರಿ," ಅಂದ ಗುಜರಿಯವ.

ಬಾನೆಟ್ಟು ತುಕ್ಕು ಹಿಡದು ಗೇಣ ಮಾತ್ರ ಎದ್ದಿತು. ಒಳಗ ಕತ್ತಲ. ಕೈ ತೂರಿಸಿದೆ. ಇಂಜಿನ್ ಬೆಚ್ಚಗಿತ್ತು.

"ಈಗ ಬಂದ್ ಮಾಡೀರೇನ್ರಿ?"

ಗುಜರಿಯವನ ಮಾರಿ ಬೆಳ್ಳಗಾತು. "ಇದಕ್ಕ ಕೀಲೀನ ಇಲ್ರಿ."

ನನ್ನ ಕೈ ಒಳಗ, ಜೀವ ಬಾಯಾಗ. ಏನೋ ಮೆತ್ತಗಿಂದು ಬೆರಳ ಮ್ಯಾಲ ಹೊರಳಿತು, ಆಮ್ಯಾಲ ಕುಟುಕಿತು. ಹೆಡ್ಡಿನ ಮ್ಯಾಲ ಕಾವಿಗೆ ಕುಂತ ಕೋಳಿ. ಗುಜರಿಯವ ಉಸರ ಬಿಟ್ಟು, "ಮರಿ ಆಗೂತನಾ ಎಬ್ಬಸಬ್ಯಾಡ್ರಿ," ಅಂದ.

ಮುಂದ ಮಾಸ್ತರು ದಿನಾ ಫೋನ್ ಮಾಡಿ "ಕೆಲಸ ಎಲ್ಲಿಗೆ ಬಂತ್ರಿ?" ಅಂತ ಕೇಳವರು. ನಾನು "ಇನ್ನೂ ತತ್ತಿ ಒಡದಿಲ್ರಿ" ಅಂತಿದ್ದೆ.

ಎರಡು ಕಪ್ಪು ಚಾ

ಕಡೀಕ ಆ ಹೆಡ್ ತಂದು ಕೂಡ್ರಿಸಿ, ನಟ್ಟು ಬಿಗಿದು, ಗಾಡಿ ನಾನ ಹುಕ್ಕೇರಿಗೆ ಓಡಿಸಿಕೊಂಡು ಹೋದೆ. ಇಂಜಿನ್ ಆರಿದ ಮ್ಯಾಲ ಮಾಸ್ತರ ಅವ್ವಾರು ತಂಬಗಿ ಹಿಡಕೊಂಡು ಬಂದು ನೀರು ಹಾಕಿದ್ರು. ರೇಡಿಯೇಟರ್ ತುಂಬೇ ಇತ್ತು. ಹಾಕಿದ್ದೆಲ್ಲಾ ಹೊಳ್ಳಿ ಅವರ ಪಾದದ ಮ್ಯಾಲ ಚೆಲ್ಲಿತು.

"ಬ್ಯಾಡಂತ," ಅಂದ್ರು. ಮಾರಿ ಸಣ್ಣದಾತು. "ಹೊಂಟ ಹೋಗ್ಯಾರ."

ಚಲೋ ರಿಪೇರಿ ಮಾಡಿದ್ದಕ್ಕ ನಾಚಿಕಿ ಬಂದದ್ದು ಅದ ಮೊದಲು. ಡಿಕ್ಕಿ ತಗದು ಆ ಸೀಳಿದ ಹೆಡ್ ಹೊರಗ ತಂದೆ.

"ಇದ್ರಾಗ ಅದಾರ್ರಿ ಅವ್ವಾ."

ಅವ್ವಾರು ತಟ್ಟನೆ ತಲಿ ಮ್ಯಾಲ ಸೆರಗ ಎಳಕೊಂಡ್ರು. "ನೆಲಕ್ಕ ಇಡಬ್ಯಾಡ್ರಿ. ಒಳಗ ಅವರ ಕುರ್ಚಿ ಮ್ಯಾಲ ಇಡ್ರಿ."

ಪಡಸಾಲ್ಯಾಗ ಆ ಕುರ್ಚಿ ಎದರಿಗೆ ನನ್ನ ಕೂಡ್ರಿಸಿ ಎರಡು ಕಪ್ಪು ಚಾ ತಂದಿಟ್ರು. "ಇದು ನಿಮ್ಮದು, ಸಕ್ಕರಿ ಹಾಕೀನಿ. ಅದು ಅವರದು, ಸಪ್ಪಂದು. ಡಾಕ್ಟರು ಸಕ್ಕರಿ ಮುಟ್ಟಬ್ಯಾಡ್ರಿ ಅಂದಾರ."

ಹೊರಗ ಮಾಸ್ತರು ಗಾಡಿ ಚಾಲೂ ಮಾಡಿದ್ರು. ನಾನೂ ಅವ್ವಾರೂ ಬಾಗಲಿಗೆ ಹೋಗಿ ಒಂದ ಗಳಗಿ ನೋಡಿ ಬಂದಿವಿ. ಒಳಗ ಬ್ಯಾರೆ ಯಾರೂ ಇರಲಿಲ್ಲ. ಕುಂತು ನನ್ನ ಕಪ್ಪಿನಾಗಿಂದ ಒಂದ ಗುಟುಕು ಕುಡದೆ. ಸಪ್ಪಗಿತ್ತು. ಕುರ್ಚಿ ಮುಂದಿನ ಕಪ್ಪು ಬಗ್ಗಿ ನೋಡಿದೆ. ಖಾಲಿ. ತಳದಾಗ ಕರಗದ ಸಕ್ಕರಿ ಅಂಟಿಕೊಂಡಿತ್ತು.

ಅವ್ವಾರು ನನ್ನ ಮಾರಿ ನೋಡಿದ್ರು, ಖಾಲಿ ಕಪ್ಪು ನೋಡಿದ್ರು, ಬಾಯಿಗೆ ಸೆರಗ ಹಿಡದು ನಕ್ರು. ರೊಟ್ಟಿ ಬಡ್ಯಾಕ ಅಡಗಿಮನಿಗೆ ಹೊಂಟವರು ಹೊಳ್ಳಿ ನಿಂತು ಸಣ್ಣ ದನ್ಯಾಗ ಅಂದ್ರು:

"ಸುಮ್ಮನ ಕುಡೀರಿ. ಡಾಕ್ಟರಿಗೆ ಹೇಳಬ್ಯಾಡ್ರಿ."