ಒಂದು ಚಿತ್ರದ ಗುಣದೋಷ ಮತ್ತು ಹಾಸೋನ ಬಾಲ

ನಮ್ಮ ಗಣರಾಜ್ಯದಲ್ಲಿ ಕೆಟ್ಟ ಚಲನಚಿತ್ರಗಳು ತಯಾರಾಗುವುದಿಲ್ಲ ಎಂಬುದು ಪೂರ್ವ ಬರ್ಲಿನ್ನಿನಲ್ಲಿ ಎಲ್ಲರಿಗೂ ತಿಳಿದ ವಿಷಯ. ಆದರೂ ಪ್ರತಿ ವಿಮರ್ಶೆಯಲ್ಲಿ ಒಂದು ದೋಷ ಇರತಕ್ಕದ್ದು ಎಂದು ನಿಯಮವಿದೆ. ದೋಷವೇ ಇಲ್ಲದಿದ್ದರೆ ಅದು ಮುಖಸ್ತುತಿ, ಎರಡಿದ್ದರೆ ಅಪಪ್ರಚಾರ.

ಆ ವರ್ಷದ ದೊಡ್ಡ ರಾಜಕೀಯ ಗೂಢಚಾರ ಚಿತ್ರ ‘ಒಂಬತ್ತನೇ ಕಿಟಕಿ’ಯ ವಿಮರ್ಶೆ ನಮ್ಮ ಪತ್ರಿಕೆಯಲ್ಲಿ ನನ್ನ ಪಾಲಿಗೆ ಬಂತು. ನಾಯಕ ಗಡಿ ದಾಟಿ ಪಶ್ಚಿಮದ ಮಂತ್ರಿಯೊಬ್ಬನ ಪಿತೂರಿಯನ್ನು ಬಯಲಿಗೆಳೆಯುತ್ತಾನೆ. ಮೊದಲ ಬೆನ್ನಟ್ಟುವ ದೃಶ್ಯದಲ್ಲಿ ನಾನೂ ಕುರ್ಚಿಯ ತುದಿಗೆ ಬಂದಿದ್ದೆ. ಆಮೇಲೆ ಅವನು ಒಂದು ತಪ್ಪನ್ನೂ ಮಾಡುವುದಿಲ್ಲ, ಎಲ್ಲೂ ಸಿಕ್ಕಿಬೀಳುವುದಿಲ್ಲ, ಎದುರಾದವರಿಗೆಲ್ಲ ನಮ್ಮ ಆರ್ಥಿಕ ನೀತಿಯನ್ನು ವಿವರಿಸುತ್ತಾನೆ. ಅಷ್ಟು ಹೊತ್ತಿಗೆ ಅರ್ಧ ಸಭಾಂಗಣ ಗೊರಕೆ ಹೊಡೆಯುತ್ತಿತ್ತು.

“ಬೋರು ಅಂತ ಬರೀಲಾ?” ಅಂದೆ.

ಸಂಪಾದಕಿ ಗುದ್ರುನ್ ಕ್ರೀಶ್ ಕನ್ನಡಕ ತೆಗೆದರು. “ಕಥೆ ಇಲಾಖೆ ಒಪ್ಪಿದ್ದು. ನಾಯಕನಿಗೆ ಪದಕ ಬಂದಿದೆ. ಕ್ಯಾಮೆರಾ ಮಾಸ್ಕೋದ್ದು. ದೋಷ ಹೊರಿಸೋಕೆ ಬೇರೆ ಯಾರನ್ನಾದ್ರೂ ಹುಡುಕ್ರೀ.”

ಉಳಿದದ್ದು ನಾಯಿ. ಕೊನೆಯ ದೃಶ್ಯದಲ್ಲಿ ಗಡಿಕಾವಲಿನ ನಾಯಿಯಾಗಿ ನಟಿಸಿದ ಹಾಸೋ ಶತ್ರು ಗೂಢಚಾರನನ್ನು ಕಂಡು ಗುರ್ರೆನ್ನಬೇಕಿತ್ತು, ಬಾಲ ಅಲ್ಲಾಡಿಸಿತು. ಶತ್ರುವಿನ ಪಾತ್ರ ಮಾಡಿದ ಲೋಥಾರ್ ವೆನ್ಸ್ಕೆ ಬಿಡುವಿದ್ದಾಗೆಲ್ಲ ಅದಕ್ಕೆ ಸಾಸೇಜು ತಿನ್ನಿಸಿದ್ದ. ಮತ್ತೆ ತೆಗೆಯೋಣವೆಂದರೆ ಆ ವರ್ಷದ ಪಾಲಿನ ಫಿಲ್ಮು ಮುಗಿದಿತ್ತು. ‘ನಾಯಿಯ ವರ್ಗಪ್ರಜ್ಞೆ ಸಾಲದು’ ಎಂದು ಅಚ್ಚಾಯಿತು.

ಕೂಡಲೇ ಹಾಸೋನ ಮೇಲೆ ವಿಚಾರಣೆ ಶುರುವಾಯಿತು. ತಪ್ಪು ಸಾಬೀತಾದರೆ ಅದನ್ನು ನಿಜವಾದ ಗಡಿಯ ತಂತಿಗೆ ಕಾವಲಿಗೆ ಕಟ್ಟುತ್ತಾರೆ. ಅಲ್ಲಿಗೆ ಹೋದ ನಾಯಿ ಮನೆಗೆ ಬರುವುದಿಲ್ಲ. ಅದನ್ನು ಸಾಕಿದ ಎರ್ವಿನ್ ಪೋಲ್ಕೆ ನಮ್ಮ ಕಚೇರಿಗೆ ಓಡಿ ಬಂದ. ಹೆಂಡತಿ ಸತ್ತ ಮೇಲೆ ಅವನ ಮನೆಯಲ್ಲಿ ಉಸಿರಾಡುವ ಇನ್ನೊಂದು ಜೀವವೆಂದರೆ ಅದೊಂದೇ.

“ನಾಯಿ ಕಣಮ್ಮಾ ಅದು! ಸಾಸೇಜ್ ಕೊಟ್ಟೋರಿಗೆ ಬಾಲ ಆಡಿಸ್ದೆ ಭಾಷಣ ಮಾಡುತ್ತಾ? ಬರೆದದ್ದನ್ನ ವಾಪಸ್ ತಗೊಳ್ಳಿ,” ಎಂದು ನನ್ನ ಮುಂದೆ ನಿಂತ.

“ಪತ್ರಿಕೆ ತಪ್ಪು ಬರೆಯೋದಿಲ್ಲ, ಕಾಮ್ರೇಡ್ ಪೋಲ್ಕೆ,” ಅಂದರು ಕ್ರೀಶ್.

ವಿಚಾರಣಾ ಸಮಿತಿಯ ಅಧ್ಯಕ್ಷರು ನೇರವಾಗಿ ಕೇಳಿದರು: “ಅವನು ಶತ್ರು ಅಂತ ನಾಯಿಗೆ ಗೊತ್ತಿತ್ತಾ?”

ಎರ್ವಿನ್‌ಗೆ ಏನು ತೋಚಿತೋ. “ಗೊತ್ತಿತ್ತು ಕಾಮ್ರೇಡ್! ಗೊತ್ತಿದ್ದೇ ಬಾಲ ಆಡಿಸ್ದ. ಅವನನ್ನ ನಂಬಿಸೋಕೆ! ನಮ್ಮ ಹಾಸೋನೂ ಗೂಢಚಾರ ಕಣ್ರೀ!”

ಅಧ್ಯಕ್ಷರು ಕಣ್ಣೊರೆಸಿಕೊಂಡರು. “ಇಡೀ ಚಿತ್ರದಲ್ಲಿ ಗೂಢಚಾರನ ಥರ ನಡ್ಕೊಂಡೋನು ಇವನೊಬ್ಬನೇ.”

ಆದೇಶ ಹೊರಟಿತು: ‘ಸದರಿ ಬಾಲದ ಚಲನೆಯನ್ನು ಚಿತ್ರದ ಪರಮ ಗುಣವೆಂದು ಪರಿಗಣಿಸತಕ್ಕದ್ದು. ಇದನ್ನು ಗುರುತಿಸದ ಪ್ರೇಕ್ಷಕರೇ ಚಿತ್ರದ ಏಕೈಕ ದೋಷ.’ ಪ್ರೇಕ್ಷಕರು ತಿದ್ದಿಕೊಂಡರು; ಬಾಲ ಆಡುವಾಗ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು. ಎರ್ವಿನ್ ಹಾಸೋನನ್ನು ತಬ್ಬಿಕೊಂಡು ಅತ್ತುಬಿಟ್ಟ.

ಆದೇಶದಲ್ಲಿ ಇನ್ನೂ ಒಂದು ಸಾಲಿತ್ತು. ಶತ್ರುವಿನ ವಿಶ್ವಾಸ ಗಳಿಸಿದ ಗೂಢಚಾರ ನಡುವೆ ಕೆಲಸ ಬಿಟ್ಟು ಬರುವಂತಿಲ್ಲ. ಹಾಸೋ ಇನ್ನು ಮುಂದೆ ವೆನ್ಸ್ಕೆಯ ಮನೆಯಲ್ಲಿರತಕ್ಕದ್ದು. ಹಳೆಯ ಪರಿಚಯದವರು ಅದರ ಗುರುತು ಹಿಡಿಯತಕ್ಕದ್ದಲ್ಲ. “ನಾನು ಬರೀ ನಟ ರೀ!” ಎಂದು ವೆನ್ಸ್ಕೆ ಗೋಳಾಡಿದ. ಎಲ್ಲ ಶತ್ರುಗಳೂ ಹಾಗೇ ಹೇಳುತ್ತಾರೆ ಎಂದು ಉತ್ತರ ಬಂತು. ಅಂದಿನಿಂದ ಅವನು ಮನೆಯಲ್ಲಿ ಪಿಸುಗುಟ್ಟುತ್ತಾನೆ.

ಮೊನ್ನೆ ಭಾನುವಾರ ಟ್ರೆಪ್ಟೋ ಪಾರ್ಕಿನಲ್ಲಿ ಎರ್ವಿನ್ ನನ್ನ ಪಕ್ಕದಲ್ಲಿ ಕೂತಿದ್ದ. ವೆನ್ಸ್ಕೆ ನಾಯಿ ಹಿಡಿದು ಬಂದ. ಹಾಸೋ ಹಗ್ಗ ಎಳೆದುಕೊಂಡು ಓಡಿಬಂದು ಎರ್ವಿನ್‌ನ ತೊಡೆಯ ಮೇಲೆ ಎರಡೂ ಮುಂಗಾಲಿಟ್ಟು, ಸೊಂಟವೇ ಮುರಿಯುವಂತೆ ಬಾಲ ಆಡಿಸಿತು. ಸುತ್ತಲಿನವರೆಲ್ಲ ನೋಡುತ್ತಿದ್ದರು. ನೇವರಿಸಲು ಎತ್ತಿದ್ದ ಎರ್ವಿನ್‌ನ ಕೈ ಕೋಟಿನ ಜೇಬಿಗೆ ಹೋಯಿತು.

“ಒಳ್ಳೇ ನಾಯಿ,” ಎಂದು ನನ್ನ ಕಡೆ ತಿರುಗಿದ. “ಯಾರದಮ್ಮಾ?”

“ಗೊತ್ತಿಲ್ಲ,” ಅಂದೆ.